ರೋಡಾಳ ಅಪ್ಪನ ನರಿಕೂಗು

ಲೈಮನ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮದುವೆಯ ಮಾತನ್ನು ಯಾವ ಮೂಲೆಯಿಂದ ಎತ್ತಬೇಕೆಂದು ಅರ್ಧ ಸಂಜೆ ಯೋಚಿಸಿ, ಕೊನೆಗೆ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ, ಹಂದಿಮಾಂಸಕ್ಕೆ ಹೊಗೆ ಕೊಡುವ ಗುಡಿಸಲ ಹಿಂದಿನಿಂದ ನರಿ ಕೂಗಿತು.

ಒಂದೇ ಕೂಗು. ಲೈಮನ್‌ನ ಬಾಯಿ ತೆರೆದದ್ದು ತೆರೆದಂತೆ ನಿಂತಿತು. ಜಗಲಿಯ ಮೇಲೆ ಕಾಡೀರುಳ್ಳಿ ಬಿಡಿಸುತ್ತಿದ್ದ ಸೊಫೀನಾಳ ಕೈಯೂ ನಿಂತಿತು. ಇಬ್ಬರೂ ಮೊದಲು ಹೊಳೆಯ ಕಡೆಗೆ, ಆಮೇಲೆ ಪೈನ್ ಮರದ ಗುಡ್ಡದ ಕಡೆಗೆ ಕಿವಿಗೊಟ್ಟು ಕೂತರು. ಹೊಳೆ ಹರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಉತ್ತರ ಬರ್ಲಿಲ್ಲ," ಅಂದ ಲೈಮನ್.

"ನಂಗೂ ಕಿವಿ ಇದೆ."

"ಹಂಗಾದ್ರೆ ಅವನೇ."

"ಸ್ವಲ್ಪ ತಾಳಿ. ಆ ಕಡೆ ನರಿಗೂ ಏನೋ ಕೆಲಸ ಇರುತ್ತೆ."

ಲೈಮನ್ ತಾಳಲಿಲ್ಲ. ಅರವತ್ತು ದಾಟಿದ ಮನುಷ್ಯ, ಯುದ್ಧಕ್ಕೆ ಹೋಗಿ ಗುಂಡಿನ ಸದ್ದು ಕೇಳಿ ಬಂದವನು, ಜಗಲಿಯ ಮೆಟ್ಟಿಲನ್ನೆಲ್ಲ ಒಂದೇ ಮಾಡಿ ಹಾರಿ ತನ್ನ ಪಿಕಪ್ ಹತ್ತಿದ. ಟೋಪಿ ಅಲ್ಲೇ ಉಳಿಯಿತು.

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಚೋಕ್ಟಾ ಜನಕ್ಕೆ ಇದನ್ನು ಯಾರೂ ಕೂರಿಸಿ ಹೇಳಿಕೊಡಬೇಕಾಗಿಲ್ಲ. ಮನುಷ್ಯನಿಗೆ ನೆರಳು ಎರಡು. ಸತ್ತಾಗ ಒಳನೆರಳು ತನ್ನ ದಾರಿ ಹಿಡಿದು ಹೋಗುತ್ತದೆ. ಹೊರನೆರಳು ಮಾತ್ರ ಸುಲಭಕ್ಕೆ ಹೊಸ್ತಿಲು ಬಿಡುವುದಿಲ್ಲ. ಮನೆಯ ಸುತ್ತ ಸುಳಿಯುತ್ತ, ಒಮ್ಮೆ ಗೂಬೆಯ ಹಾಗೆ, ಒಮ್ಮೆ ನರಿಯ ಹಾಗೆ ಕೂಗಿ ಉಳಿದವರನ್ನು ಹೆದರಿಸುತ್ತದೆ. ನಿಜವಾದ ನರಿ ಕೂಗಿದರೆ ಇನ್ನೊಂದು ನರಿ ಉತ್ತರ ಕೊಡುತ್ತದೆ. ನೆರಳು ಕೂಗಿದರೆ ಯಾರೂ ಕೊಡುವುದಿಲ್ಲ. ಲೆಕ್ಕ ಇಷ್ಟೇ.

ಸೊಫೀನಾಳ ಗಂಡ ಹೋದದ್ದು ಎಲೆ ಉದುರುವ ಕಾಲದಲ್ಲಿ. ಅವನ ಹೆಸರು ಇಲ್ಲಿ ಬರುವುದಿಲ್ಲ. ಸತ್ತವರ ಹೆಸರು ಎತ್ತಬಾರದು. ಸೊಫೀನಾ ಅವನು ಬದುಕಿದ್ದಾಗಲೂ ಎತ್ತಿದವಳಲ್ಲ. ಮಗಳ ಹೆಸರು ಮುಂದಿಟ್ಟು 'ರೋಡಾಳ ಅಪ್ಪ' ಅನ್ನುತ್ತಿದ್ದಳು. ನಾವೂ ಹಾಗೇ ಅನ್ನೋಣ.

ಅವನನ್ನು ಮನೆಯ ಹಿಂದೆಯೇ, ದೊಡ್ಡ ಓಕ್ ಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಅಂದಿನಿಂದ ಸೊಫೀನಾಳ ತಲೆಗೆ ಬಾಚಣಿಗೆ ಇಲ್ಲ. ಸತ್ತವನ ಕಡೆಯವರು ದಿನ ಗೊತ್ತುಮಾಡಿ, ನೆಂಟರನ್ನೆಲ್ಲ ಕರೆದು, 'ಕಡೆಯ ಅಳು' ಅತ್ತು ಮುಗಿಸುವವರೆಗೆ ವಿಧವೆ ತಲೆ ಬಾಚುವ ಹಾಗಿಲ್ಲ, ನಗುವ ಜಾಗಕ್ಕೆ ಹೋಗುವ ಹಾಗಿಲ್ಲ, ಇನ್ನೊಬ್ಬನ ಕೈ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ಚಳಿಗಾಲ ಕಳೆಯಿತು, ಕಾಡೀರುಳ್ಳಿ ತಲೆ ಎತ್ತಿತು, ಕಡೆಯ ಅಳುವಿನ ಸುದ್ದಿಯೇ ಇಲ್ಲ. ಸೊಫೀನಾಳ ತಲೆ ಹಕ್ಕಿ ಬಿಟ್ಟುಹೋದ ಗೂಡಿನ ಹಾಗಾಗಿತ್ತು. ಕೆರೆದು ಕೆರೆದು ಉಗುರು ಸವೆದಿತ್ತು. ಹೊಳೆಯಾಚೆಯ ಲೈಮನ್, ಹೆಂಡತಿ ಸತ್ತು ಬಹಳ ಕಾಲವಾದವನು, ಒಳ್ಳೆಯವನು. ಪಿಟೀಲು ಬಾರಿಸುತ್ತಿದ್ದ. ಹಲ್ಲು ಕಟ್ಟಿಸಿಕೊಂಡವಾದರೂ ಸಾಲಾಗಿದ್ದವು. ಇನ್ನೊಂದು ಚಳಿಗಾಲ ಕಾಯುವ ತಾಳ್ಮೆ ಅವನಲ್ಲಿ ಇರಲಿಲ್ಲ. ಸೊಫೀನಾಳಲ್ಲೂ ಇರಲಿಲ್ಲ, ಆದರೆ ಅವಳು ಅದನ್ನು ಹೇಳುವ ಹಾಗಿರಲಿಲ್ಲ.

ಗಂಡನ ಕಡೆಯ ಹತ್ತಿರದವರು ಅಂತ ಉಳಿದಿದ್ದವಳು ಒಬ್ಬಳೇ: ಅವನ ಅಕ್ಕ ವೈಸಿ. ರಸ್ತೆಯ ತಿರುವಿನಲ್ಲಿ ಅವಳ ಮನೆ. ಬಿದಿರಿನಂಥ ಹೊಳೆದಂಟನ್ನು ಬೆರಳುದ್ದದ ಕಡ್ಡಿಗಳಾಗಿ ಕತ್ತರಿಸಿ, ಕಟ್ಟು ಕಟ್ಟಿ, ಒಬ್ಬೊಬ್ಬ ನೆಂಟನಿಗೆ ಒಂದೊಂದು ಕಟ್ಟು ಕಳಿಸಬೇಕಾದವಳು ಅವಳೇ. ಪಡೆದವನು ದಿನಕ್ಕೊಂದು ಕಡ್ಡಿ ಬಿಸಾಡುತ್ತ ಬಂದು, ಕಟ್ಟು ಖಾಲಿಯಾದ ದಿನ ಹೊರಟು ಬರಬೇಕು. ದಂಟೇನೋ ವೈಸಿಯ ಗೋಡೆಗೆ ಒರಗಿಕೊಂಡು ಒಣಗುತ್ತಿತ್ತು. ಕತ್ತಿ ಮಾತ್ರ ಅದಕ್ಕೆ ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ವೈಸಿ ಎಂದಿನಂತೆ ಕಾಫಿಗೆ ಬಂದಳು. ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಇದು ಕಾಫಿನೋ, ಪಾತ್ರೆ ತೊಳೆದ ನೀರೋ?"

"ನಿನ್ನೆ ಮತ್ತೆ ಕೂಗ್ತು ಅತ್ತಿಗೆ," ಅಂದಳು ಸೊಫೀನಾ.

"ಉತ್ತರ?"

"ಬರ್ಲಿಲ್ಲ."

ವೈಸಿ ಬಟ್ಟಲು ಕೆಳಗಿಟ್ಟು ಓಕ್ ಮರದ ಕಡೆ ನೋಡಿ ನಿಟ್ಟುಸಿರಿಟ್ಟಳು. "ಪಾಪ ನನ್ ತಮ್ಮ. ಇಲ್ಲೇ ಸುತ್ತುತಾ ಇದಾನೆ. ಆ ಹೊಳೆಯಾಚೆಯವನು ಬಂದು ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತ್ರೆ ಅವನಿಗೆ ಹೊಟ್ಟೆ ಉರಿಯಲ್ವೇನೇ?"

"ಹಂಗಾದ್ರೆ ಕಡೆ ಅಳು ಬೇಗ ಮುಗ್ಸಿ, ಅವರನ್ನ ಕಳಿಸಿಕೊಡಿ ಅತ್ತಿಗೆ."

"ಹೆಂಗ್ ಮುಗ್ಸಲಿ? ಮನೆ ಹಿತ್ತಿಲಲ್ಲಿ ಇರೋವ್ನಿಗೆ ಹೋದ ಅಂತ ಅಳಕ್ಕಾಗುತ್ತಾ? ನೆಂಟ್ರು ನಗಲ್ವಾ? ಮೊದ್ಲು ಅವನು ಹೋಗ್ಲಿ. ಆಮೇಲೆ ಕಡ್ಡಿ ಕತ್ತರಿಸ್ತೀನಿ." ಎದ್ದು ಹೋಗುತ್ತ ಇನ್ನೊಂದು ಮಾತು ಸೇರಿಸಿದಳು: "ಬೀಜ ಇನ್ನೂ ಸ್ವಲ್ಪ ಹುರೀಬೇಕು."

ವೈಸಿ ಅಂದರೆ ಹಾಗೇ. ಸೊಫೀನಾಳ ಮದುವೆಯ ದಿನ, ಮದುಮಗಳು ಮಾಡಿದ ರೊಟ್ಟಿ ಮುರಿದು ಬಾಯಿಗಿಟ್ಟು, 'ಹಸಿ ಇದೆ' ಅಂದವಳು. ಅವಳು ಸೊಫೀನಾಳ ಕೈಯಡುಗೆಯನ್ನು ತಿಂದು ತಪ್ಪು ಹೇಳದ ದಿನ ಇರಲಿಲ್ಲ. ತಿನ್ನದ ದಿನವೂ ಇರಲಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಸೊಫೀನಾ ಪಾದ್ರಿ ಸೈಲಸ್ ನೊವಾಹೂಬಿಯನ್ನು ಬಾಗಿಲಲ್ಲೇ ಹಿಡಿದಳು. ಪೈನ್ ಗುಡ್ಡದ ನಮ್ಮ ಚರ್ಚಿಗೆ ಅವನು ಭಾನುವಾರ ಪಾದ್ರಿ. ಉಳಿದ ಆರು ದಿನ ಅವನು ಅಲಿಕ್ಚಿ, ಅಂದರೆ ನಾಟಿ ವೈದ್ಯ. ಮಂತ್ರ, ಬೇರು, ಊದುವ ಕೊಳವೆ, ಎಲ್ಲ ಇತ್ತು. ಎರಡೂ ಕೆಲಸ ಒಂದಕ್ಕೊಂದು ಮುಟ್ಟದ ಹಾಗೆ ನಡೆಸುತ್ತಿದ್ದ.

"ನರಿ ಕೂಗಿದ್ರೆ ನರಿಯೇ ಕಣಮ್ಮ," ಅಂದ, ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಕರ್ತನಲ್ಲಿ ನಿದ್ರೆ ಹೋದವರು ಹಿತ್ತಿಲಲ್ಲಿ ಓಡಾಡಲ್ಲ. ನೆರಳು ಗಿರಳು ಎಲ್ಲ ಅಜ್ಞಾನ."

"ಉತ್ತರ ಬರ್ಲಿಲ್ವಲ್ಲ ಪಾದ್ರಿಗಳೇ."

ಪಾದ್ರಿ ಆಚೀಚೆ ನೋಡಿ ದನಿ ತಗ್ಗಿಸಿದ. "ಒಂದ್ ಸಲಾನೂ ಬರ್ಲಿಲ್ವಾ?"

"ಒಂದ್ ಸಲಾನೂ."

"ನಾಳೆ ಬಾ. ಮನೆಗೆ."

ಸೋಮವಾರ ಹೋದಾಗ ಅವನು ಹಳೆಯ ಅಂಗಿ ತೊಟ್ಟು, ಬರಿಗಾಲಲ್ಲಿ ಕೂತು ಬೇರು ಅರೆಯುತ್ತಿದ್ದ. ನಿನ್ನೆಯ ಮನುಷ್ಯನ ಗುರುತೇ ಇಲ್ಲದವನಂತೆ ಮೊದಲಿಂದ ಎಲ್ಲ ಕೇಳಿದ. ಸೊಫೀನಾಳೂ ಮೊದಲಿಂದ ಹೇಳಿದಳು.

"ಹೊರನೆರಳು ಹೆದರಿಸುತ್ತೆ, ಅಷ್ಟೇ," ಅಂದ. "ಅದು ತಿನ್ನಲ್ಲ, ಕುಡಿಯಲ್ಲ. ಆ ಗುಡಿಸಲ ಹಿಂದೆ ಏನಾದ್ರೂ ತಿನ್ನೋದು ಇಡು. ಇಟ್ಟಂಗೇ ಇದ್ರೆ ನೆರಳು. ಕಿತ್ತು ಚೆಲ್ಲಾಡಿದ್ರೆ ನರಿ."

"ಎರಡೂ ಅಲ್ದಿದ್ರೆ?"

"ಎರಡೂ ಅಲ್ದಿದ್ರೆ ನನ್ನ ಕೇಳ್ಬೇಡ. ಅದು ಶೆರಿಫ್‌ನ ಕೆಲಸ."

ದಾರಿಯುದ್ದಕ್ಕೂ ಸೊಫೀನಾ ತನ್ನ ಗಂಡನನ್ನೇ ತಿರುವಿ ತಿರುವಿ ನೋಡಿದಳು. ಅವನನ್ನು ಅವಳಿಗಿಂತ ಬಲ್ಲವರು ಯಾರು? ಹೊಟ್ಟೆಕಿಚ್ಚು ಅನ್ನುವುದು ಆ ಮನುಷ್ಯನ ಮೈಯಲ್ಲೇ ಇರಲಿಲ್ಲ. ಒಮ್ಮೆ ಸಂತೆಯಲ್ಲಿ ಯಾವನೋ ಅವಳನ್ನು ನೋಡಿ ಶಿಳ್ಳೆ ಹೊಡೆದಾಗ, 'ಚೆನ್ನಾಗಿ ಹೊಡೀತಾನೆ' ಅಂದವನು. ಹೋಗಲಿ, ಸತ್ತ ಮೇಲೆ ಬುದ್ಧಿ ಬಂತು ಅನ್ನೋಣ. ಆದರೆ ಹೊತ್ತು? ರೋಡಾಳ ಅಪ್ಪ ಹುಟ್ಟಿದಾಗಿಂದ ಯಾವ ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮದುವೆಗೆ ಬಂದಾಗ ಪಾದ್ರಿ ಊಟ ಮುಗಿಸಿ ಮನೆಗೆ ಹೋಗಿದ್ದ. ಮಗಳು ಹುಟ್ಟಿದಾಗ ಸೂಲಗಿತ್ತಿಯನ್ನು ಕರೆತಂದ; ಮಗು ಅಷ್ಟರಲ್ಲಿ ಎರಡು ನಿದ್ದೆ ಮುಗಿಸಿತ್ತು. ಕೊನೆಗೆ ಅವನ ಹೆಣದ ಪೆಟ್ಟಿಗೆ ಹೊತ್ತ ಗಾಡಿಯೂ ಹೊಳೆಯ ಕೆಸರಲ್ಲಿ ಹೂತು, ಅವನ ಗುಂಡಿಯ ಹತ್ತಿರ ಜನ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕಾದು ನಿಂತಿದ್ದರು. ಅಂಥವನ ನೆರಳು, ಲೈಮನ್ ಬಾಯಿ ತೆರೆಯುವುದನ್ನೇ ಕಾದು, ಗಡಿಯಾರ ಇಟ್ಟುಕೊಂಡ ಹಾಗೆ ಕೂಗುವುದೇ?

ಮತ್ತೆ ಆ ಗಂಟಲು. ಒಂದು ಮಾತಾಡಬೇಕಾದರೆ ಮೊದಲು ಎರಡು ಸಲ 'ಹ್ಞಕ್, ಹ್ಞಕ್' ಅಂತ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದು ಅವನ ಚಾಳಿ. 'ಉಪ್ಪು ಕೊಡು' ಅನ್ನುವುದಕ್ಕೂ ಎರಡು ಕೆಮ್ಮು. ಈ ನರಿ ಕೆಮ್ಮಿರಲಿಲ್ಲ.

'ಇದು ಅವರಲ್ಲ,' ಅಂದುಕೊಂಡಳು ಸೊಫೀನಾ. 'ಯಾರೋ ಹೊತ್ತಿನ ಬೆಲೆ ಗೊತ್ತಿರೋರು.'

ಆ ವಾರ, ಟೋಪಿ ತೆಗೆದುಕೊಂಡು ಹೋಗಿ ಅಂತ ಲೈಮನ್‌ಗೆ ಹೇಳಿ ಕಳಿಸಿದಳು. ಅವನು ಬರುವ ದಿನ ಬನಾಹಾ ಮಾಡಿದಳು. ಮೆಕ್ಕೆಜೋಳದ ಹಿಟ್ಟಿಗೆ ಅಲಸಂದೆ ಕಾಳು ಸೇರಿಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ದಾರ ಕಟ್ಟಿ ಬೇಯಿಸುವ ಕಡುಬು ಅದು. ಅಷ್ಟು ಕೆಟ್ಟದಾಗಿ ಅವಳು ಜನ್ಮದಲ್ಲಿ ಅದನ್ನು ಮಾಡಿರಲಿಲ್ಲ. ಉಪ್ಪು ಹಾಕಲಿಲ್ಲ. ಕಾಳನ್ನು ಅರ್ಧ ಬೇಯಿಸಿದಳು. ಕೈ ಹಳೆಯ ಅಭ್ಯಾಸಕ್ಕೆ ಉಪ್ಪಿನ ಡಬ್ಬಿಯ ಕಡೆ ಹೋದಾಗ ಇನ್ನೊಂದು ಕೈಯಿಂದ ಅದಕ್ಕೆ ಹೊಡೆದಳು. ನಾಲ್ಕು ಕಡುಬನ್ನು ಗುಡಿಸಲ ಹಿಂದಿನ ಕಲ್ಲಿನ ಮೇಲಿಟ್ಟು ಬಂದಳು.

ಸಂಜೆ ಲೈಮನ್ ಬಂದ. ಬಾಯಿ ತೆರೆದ. ನರಿ ಕೂಗಿತು. ಟೋಪಿ ತಲೆಗೇರಿತು, ಪಿಕಪ್ ಹೊರಟಿತು.

ಬೆಳಿಗ್ಗೆ ಕಲ್ಲಿನ ಮೇಲೆ ಕಡುಬು ಇರಲಿಲ್ಲ. ಆದರೆ ಚೆಲ್ಲಾಟವೂ ಇರಲಿಲ್ಲ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ದಾರವನ್ನೆಲ್ಲ ಒಂದು ಪುಟ್ಟ ಉಂಡೆಯಾಗಿ ಸುತ್ತಿಟ್ಟಿತ್ತು. ಸಿಪ್ಪೆಗಳನ್ನು ನೀಟಾಗಿ ಮಡಿಸಿ, ಗಾಳಿಗೆ ಹಾರಿ ಹೋಗಬಾರದೆಂದು ಮೇಲೊಂದು ಕಲ್ಲು ಹೇರಿತ್ತು. ಸೊಫೀನಾ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅದನ್ನು ನೋಡಿದಳು. ಇಷ್ಟು ಮನೆವಾರ್ತೆ ಬಲ್ಲ ನರಿ ಸಿಕ್ಕಿದರೆ ಯಾರಾದರೂ ಸೊಸೆ ಮಾಡಿಕೊಂಡಾರು. ಈ ಗುಡ್ಡದಲ್ಲಿ ಕಡುಬಿನ ದಾರವನ್ನು ಉಳಿಸುವ ಹೆಂಗಸರು ಇಬ್ಬರೇ. ಒಬ್ಬಳು ತಾನು.

ಆದರೂ ಮನಸ್ಸು ಒಪ್ಪಲಿಲ್ಲ. ಭಾನುವಾರದವರೆಗೆ ಕಾದಳು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಸುತ್ತಲಿನ ಬಿಡಾರಗಳಲ್ಲಿ ಊಟ. ಒಂದೊಂದು ಮನೆತನಕ್ಕೆ ಒಂದೊಂದು ಅಡುಗೆ ಬಿಡಾರ. ಸೊಫೀನಾ ಮತ್ತು ವೈಸಿಯದು ಒಂದೇ. ಮಡಕೆಯ ಮುಚ್ಚಳ ತೆಗೆಯುತ್ತಿದ್ದಂತೆ ವೈಸಿ ಮೂಗು ಚಾಚಿದಳು.

"ಬನಾಹಾನಾ? ಇದಕ್ಕಾದ್ರೂ ಉಪ್ಪು ಹಾಕಿದೀಯ ತಾನೇ?"

ಸೊಫೀನಾ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. "ಯಾವ್ದಕ್ಕೆ ಹಾಕಿರ್ಲಿಲ್ಲ ಅತ್ತಿಗೆ?"

"ಯಾವ್ದಕ್ಕೂ... ಸುಮ್ನೆ ಹೇಳ್ದೆ."

"ಕಾಳು?"

"ಕಾಳು ಕಲ್ಲಿನ ಹಂಗಿತ್ತು," ಅಂದುಬಿಟ್ಟಳು ವೈಸಿ. ಆಮೇಲೆ, "ಹೋದ ವರ್ಷ. ಹೋದ ವರ್ಷದ್ದು ಹೇಳ್ತಿರೋದು," ಅಂದು ತಟ್ಟೆ ಹಿಡಿದು ಹೊರಟುಹೋದಳು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರೆ. ಉಪ್ಪಿಲ್ಲದ್ದನ್ನು ತಿಂದವರು ಬಾಯಿ ಬಿಡಲೇಬೇಕು. ಸೊಫೀನಾಳಿಗೆ ಮೈಯೆಲ್ಲ ಉರಿಯಿತು. ಅಲ್ಲೇ, ಎಲ್ಲರ ಎದುರಿಗೆ, ಮಡಕೆಯ ಮುಚ್ಚಳ ಬಡಿದು ಸಾರಬಹುದಿತ್ತು. ಎಪ್ಪತ್ತು ತುಂಬಿದ ಹೆಂಗಸು ಲಂಗ ಎತ್ತಿಕಟ್ಟಿಕೊಂಡು ಹಂದಿಮಾಂಸದ ಗುಡಿಸಲ ಹಿಂದೆ ಕೂತು ನರಿಯ ಹಾಗೆ ಕೂಗುತ್ತಾಳೆ ಅಂತ. ಆದರೆ ಯಾಕೆ ಅನ್ನುವುದು ಗೊತ್ತಾಗಲಿಲ್ಲ. ಯಾಕೆ ಅಂತ ತಿಳಿಯದೆ ಒಬ್ಬರ ಮಾನ ತೆಗೆಯುವುದು, ಮುಚ್ಚಳ ತೆಗೆಯದೆ ಅಡುಗೆಗೆ ಉಪ್ಪು ಹಾಕಿದ ಹಾಗೆ. ತಲೆ ಕೆರೆದುಕೊಂಡು ಸುಮ್ಮನಾದಳು. ಮುಂದಿನ ಸಲ ಕೂಗುತ್ತಿರುವಾಗಲೇ ಹೋಗಿ ಎದುರು ನಿಂತು ಕೇಳುವುದೆಂದು ತೀರ್ಮಾನಿಸಿದಳು.

ಆದರೆ ಲೈಮನ್ ಕೂಡ ಆ ವಾರ ಯೋಚನೆ ಮಾಡಿದ್ದ. ಅದೇ ತೊಂದರೆಯಾದದ್ದು. ಅವನ ಯೋಚನೆ ಹೀಗೆ: ಉತ್ತರ ಬರದಿದ್ದರೆ ತಾನೇ ಅದು ನೆರಳು? ಉತ್ತರ ಬಂದುಬಿಟ್ಟರೆ ನರಿ. ನರಿಯಾದರೆ ಭಯವಿಲ್ಲ. ಭಯವಿಲ್ಲದಿದ್ದರೆ ವೈಸಿ ಕಡ್ಡಿ ಕತ್ತರಿಸುತ್ತಾಳೆ. ಹಾಗಾದರೆ ಬೇಕಾದದ್ದು ಒಂದು ಉತ್ತರ. ಪಿಟೀಲು ಬಾರಿಸುವವನಿಗೆ ಒಂದು ನರಿಕೂಗು ಬಾರದೆ ಹೋಗುತ್ತದೆಯೇ?

ಅವನು ಬಂದು ಪಿಕಪ್ ನಿಲ್ಲಿಸಿ, ಜಗಲಿ ಹತ್ತದೆ ಕೆಳಗೇ ನಿಂತ.

"ಸ್ವಲ್ಪ ಹೊಳೆ ಕಡೆ ಹೋಗ್ಬರ್ತೀನಿ," ಅಂದ. ಮುಖ ಒಂಥರಾ ಬಿಗಿದುಕೊಂಡಿತ್ತು.

"ಹೊಟ್ಟೆ ಸರಿ ಇಲ್ವಾ?"

"ಸರಿ ಇದೆ."

"ಎಲೆ ನೋಡ್ಕೊಂಡು ಕೂತ್ಕೊಳಿ. ತುರಿಕೆ ಸೊಪ್ಪು ಬೆಳೆದಿದೆ."

ಅವನು ಹೋದ. ಸೊಫೀನಾ ಚಪ್ಪಲಿ ಬಿಟ್ಟು, ಸೌಟು ಹಿಡಿದು, ಗುಡಿಸಲ ಕಡೆಗೆ ಸದ್ದಿಲ್ಲದೆ ಹೊರಟಳು. ಹೊತ್ತು ಮುಳುಗುವ ಸಮಯ. ಅರ್ಧ ಅಂಗಳ ದಾಟಿದ್ದಳು, ನರಿ ಕೂಗಿತು. ಚಿಕ್ಕದಾಗಿ, ಸ್ಪಷ್ಟವಾಗಿ, ಒಂದೇ ಸಲ. ಒಳ್ಳೆಯ ಕೂಗು, ಅದನ್ನು ಒಪ್ಪಬೇಕು.

ಅದರ ಬೆನ್ನಿಗೇ ಹೊಳೆಯ ಕಡೆಯಿಂದ ಉತ್ತರ ಬಂತು.

ಗಂಟಲಲ್ಲಿ ಎಲುಬು ಸಿಕ್ಕಿದ ನಾಯಿ, ಸೀನು ತಡೆದುಕೊಂಡು, ಶಿಳ್ಳೆ ಹಾಕಲು ನೋಡಿದ ಹಾಗಿತ್ತು ಅದು. ಸೊಫೀನಾ ನಿಂತಲ್ಲೇ ನಿಂತಳು. ಆ ಶಿಳ್ಳೆ ಅವಳಿಗೆ ಗೊತ್ತು. ಕಟ್ಟಿಸಿದ ಹಲ್ಲು ಸಡಿಲವಾದಾಗ ಬರುವ ಶಿಳ್ಳೆ.

ಗುಡಿಸಲ ಹಿಂದೆ ಸದ್ದಡಗಿತು. ಬಹಳ ಹೊತ್ತಾದ ಮೇಲೆ, ಕೇಳಲೋ ಬೇಡವೋ ಅನ್ನುವ ಹಾಗೆ, ಸಣ್ಣದೊಂದು ಕೂಗು. ಉತ್ತರ ಈ ಸಲ ಹತ್ತಿರದಿಂದ ಬಂತು, ಹೆಚ್ಚು ಧೈರ್ಯದಿಂದ. ಲೈಮನ್‌ಗೆ ಕೆಲಸ ರುಚಿಸಿತ್ತು.

ಆಗ ವೈಸಿ ಹೊರಬಿದ್ದಳು. ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಕೋಳಿಗೂಡಿನ ಮೇಲೆ ಬಿದ್ದು, ಎದ್ದು, ಕಣ್ಣು ಮುಚ್ಚಿಕೊಂಡೇ ಓಡಿದಳು. ಕೋಳಿಗಳೆಲ್ಲ ಒಟ್ಟಿಗೆ ಕಿರುಚಿದವು. ಹೊಳೆಯ ಕಡೆಯಲ್ಲಿದ್ದ ಲೈಮನ್‌ಗೆ ಕಂಡದ್ದು ಇಷ್ಟು: ತಾನು ಕರೆದ ಯಾವುದೋ ಒಂದು, ರೆಕ್ಕೆ ಬಡಿಯುತ್ತ, ಕಿರುಚುತ್ತ, ತನ್ನ ಕಡೆಗೇ ಬರುತ್ತಿದೆ. ಅವನೂ ಓಡಿದ. ಇಬ್ಬರಿಗೂ ಹೋಗುವುದಕ್ಕೆ ಇದ್ದದ್ದು ಒಂದೇ ಜಗಲಿ. ಮೆಟ್ಟಿಲ ಬುಡದಲ್ಲಿ ತಲೆಗೆ ತಲೆ ಬಡಿದ ಸದ್ದು ಸೊಫೀನಾಳಿಗೆ ಅಂಗಳದ ಮಧ್ಯಕ್ಕೆ ಕೇಳಿಸಿತು.

ಅವಳು ಬಂದು ನೋಡಿದಾಗ ಇಬ್ಬರೂ ಜಗಲಿಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು.

"ನನ್ ತಮ್ಮ," ಅಂದಳು ವೈಸಿ, ಏದುಸಿರು ಬಿಡುತ್ತ. "ನಿಜವಾಗ್ಲೂ ಅವನೇ ಕಣೇ. ನಂಗೆ ಉತ್ತರ ಕೊಟ್ಟ. ಎಂಥಾ ದನಿ. ನರಳ್ತಾ ಇದಾನೆ ಪಾಪ, ಗಂಟಲು ಪೂರ್ತಿ ಹೋಗಿದೆ."

ಲೈಮನ್ ಹಣೆ ಉಜ್ಜಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. "ಅಷ್ಟೊಂದ್ ಕೆಟ್ಟದಾಗಿತ್ತಾ?" ಅಂದ.

ವೈಸಿ ಲೈಮನ್‌ನ ಮುಖ ನೋಡಿದಳು. ಲೈಮನ್ ವೈಸಿಯ ತಲೆಯಲ್ಲಿ ಸಿಕ್ಕಿದ್ದ ಕೋಳಿಪುಕ್ಕ ನೋಡಿದ. ಒಬ್ಬರಿಗೊಬ್ಬರು ಅರ್ಥವಾದರು.

"ಈ ವಯಸ್ಸಲ್ಲಿ," ಅಂದಳು ವೈಸಿ.

"ನೀವ್ ಹೇಳ್ತೀರಾ ಅದನ್ನ," ಅಂದ ಲೈಮನ್.

ಸೊಫೀನಾ ಒಳಗೆ ಹೋಗಿ ಕಾಫಿ ತಂದು ಇಬ್ಬರ ಮುಂದೆಯೂ ಇಟ್ಟಳು. ಸೌಟು ಇನ್ನೂ ಕಂಕುಳಲ್ಲೇ ಇತ್ತು.

"ಹೇಳಿ ಅತ್ತಿಗೆ. ಯಾಕೆ?"

ವೈಸಿ ಕಾಫಿ ಕುಡಿದಳು. ಕಾಫಿ ಸರಿಯಿಲ್ಲ ಅನ್ನಲಿಲ್ಲ. ಸೊಫೀನಾಳಿಗೆ ಆಗ ಸ್ವಲ್ಪ ಹೆದರಿಕೆಯಾಯಿತು.

"ಕಡೆ ಅಳು ಮುಗಿದ್ರೆ ನೀನು ನಮ್ಮೋಳಲ್ಲ," ಅಂದಳು ವೈಸಿ ಕೊನೆಗೆ, ಬಟ್ಟಲಿನೊಳಕ್ಕೆ ನೋಡುತ್ತ. "ಇವನ ಕೈ ಹಿಡಿದು ಹೊಳೆ ದಾಟ್ತೀಯ. ಆ ಮೆಥಡಿಸ್ಟ್ ಚರ್ಚಲ್ಲಿ ಹಾಡ್ತೀಯ, ಅವರ ಬಿಡಾರದಲ್ಲಿ ಬೇಯಿಸ್ತೀಯ. ನಾನು ಇಲ್ಲಿ ಒಬ್ಳೇ ಮಡಕೆ ಮುಂದೆ ಕೂತ್ಕೊಂಡು ಯಾರಿಗೆ ಬೈಲಿ? ತಮ್ಮ ಹೋದ. ನೀನೂ ಹೋದ್ರೆ ಬೈಯಕ್ಕೆ ನಂಗ್ಯಾರಿದಾರೆ?"

"ಒಂದ್ ಮಾತು ಕೇಳ್ಬಹುದಿತ್ತಲ್ಲ."

"ಹೆಂಗ್ ಕೇಳ್ಲಿ?"

"ಬಾಯಲ್ಲಿ. ಕೇಳೋದು ಬಿಟ್ಟು ಬೊಗಳಿದ್ರಿ." ಸೊಫೀನಾ ಸೌಟನ್ನು ಲೈಮನ್‌ನ ಕಡೆ ತಿರುಗಿಸಿದಳು. "ನೀವು ಹೇಳಿ. ಮದುವೆಯಾದ್ರೆ ಯಾರು ಯಾರ ಮನೆಗೆ ಹೋಗ್ಬೇಕು ಅಂತಿದೀರಿ?"

"ಇದೇನ್ ಪ್ರಶ್ನೆ," ಅಂದ ಲೈಮನ್. "ನಮ್ಮ ಅಜ್ಜ ಮನೆ ಅಳಿಯ, ನಮ್ಮಪ್ಪ ಮನೆ ಅಳಿಯ. ಹೆಂಗಸಿನ ಮನೆಗೆ ಗಂಡಸು ಬರೋದೇ ತಾನೇ ಹಿಂದಿನಿಂದ ಬಂದದ್ದು? ಪಿಟೀಲೂ ಎರಡು ಅಂಗಿಯೂ ತಗೊಂಡು ನಾನೇ ಬರ್ತೀನಿ."

"ನಿಮ್ ಚರ್ಚು?"

"ಊಟ ಎಲ್ಲಿರುತ್ತೋ ಅಲ್ಲಿ ದೇವರಿರ್ತಾನೆ."

ವೈಸಿ ತಲೆಯಿಂದ ಕೋಳಿಪುಕ್ಕ ಕಿತ್ತು ಕೆಳಗೆ ಬಿಟ್ಟಳು. ಮತ್ತೆ ಕಾಫಿ ಕುಡಿದಳು.

"ನೀರು ಜಾಸ್ತಿಯಾಯ್ತು," ಅಂದಳು. ಸೊಫೀನಾಳಿಗೆ ಜೀವ ಬಂತು. "ಆಮೇಲೆ, ಆ ಕಡುಬು ನೀನು ನನ್ ತಮ್ಮನ ಪಾಲಿಂದು ಅಂತ ಇಟ್ಟಿದ್ದೆ ತಾನೇ? ಅವನದನ್ನ ಅಕ್ಕ ತಿನ್ನದೆ ಇನ್ಯಾರು ತಿಂತಾರೆ? ಸತ್ತೋರಿಗೆ ಹಂಗಾ ಮಾಡೋದು ಅಡುಗೆ?"

ಮರುದಿನ ಬೆಳಿಗ್ಗೆ ತಿರುವಿನ ಮನೆಯಿಂದ ದಂಟು ಕತ್ತರಿಸುವ ಸದ್ದು ಕೇಳಿಸಿತು.

ಕಡ್ಡಿಗಳು ಊರೂರಿಗೆ ಹೋದವು, ಬಿಸಾಡಿ ಮುಗಿದವು, ಒಂದು ಶನಿವಾರ ನೆಂಟರೆಲ್ಲ ಬಂದರು. ದೂರದ ಸೋದರಸಂಬಂಧಿ ಒಬ್ಬನ ಕಟ್ಟಿನ ಕಡ್ಡಿಗಳನ್ನು ಮೊಮ್ಮಕ್ಕಳು ಆಟವಾಡಿ ಕಳೆದದ್ದರಿಂದ ಅವನು ಮೊದಲೇ ಬಂದು, ಹೊಗೆಗುಡಿಸಲಿನ ಮಾಂಸ ಅರ್ಧ ಮುಗಿಸಿದ್ದ. ಗುಡ್ಡದಾಚೆಯಿಂದ ರೋಡಾ ಗಂಡ ಮಕ್ಕಳೊಂದಿಗೆ ಬಂದಳು. ಹೆಂಗಸರು ಓಕ್ ಮರದ ಕೆಳಗೆ ಸುತ್ತ ಕೂತು, ತಲೆಯ ಮೇಲೆ ಕಂಬಳಿ ಹೊದ್ದು, ಗಟ್ಟಿಯಾಗಿ ಅತ್ತರು. ಕಡೆಯ ಅಳುವಿನಲ್ಲಿ ನಾಚಿಕೆ ಇಲ್ಲ. ಉಳಿದದ್ದನ್ನೆಲ್ಲ ಅಂದೇ ಖಾಲಿ ಮಾಡಬೇಕು. ಸೊಫೀನಾಳೂ ಅತ್ತಳು. ತಾನು ಇಷ್ಟು ಅಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಶಿಳ್ಳೆ ಚೆನ್ನಾಗಿ ಹೊಡೀತಾನೆ ಅಂದ ಆ ಪುಣ್ಯಾತ್ಮನ ಮುಖ ಕಣ್ಣ ಮುಂದೆ ಬಂದು ಅಳುವಿನ ಮಧ್ಯೆ ನಗುವೂ ಬಂತು. ಕಂಬಳಿ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ.

ಆಮೇಲೆ ವೈಸಿ ಅವಳನ್ನು ಜಗಲಿಯ ಅಂಚಿನಲ್ಲಿ ಕೂರಿಸಿ ತಲೆ ಬಾಚಲು ಶುರುಮಾಡಿದಳು. ಗಂಡನ ಕಡೆಯವರೇ ಬಾಚಬೇಕು. ಬಾಚಿ ಮುಗಿಸಿದರೆ ಬಿಡುಗಡೆ.

"ಮೆಲ್ಲಗೆ ಅತ್ತಿಗೆ. ತಲೆ ಜೊತೆಗೆ ಬರುತ್ತೆ."

"ಬರ್ಲಿ. ಒಳಗೇನೂ ಇಲ್ವಲ್ಲ."

ಗಂಟು ಬಿಡಿಸಿ ಬಿಡಿಸಿ ವೈಸಿಯ ಕೈ ಸೋತಿತು. ಅಷ್ಟರಲ್ಲಿ ಊಟ ಬಡಿಸಿದರು. ಹಂದಿಮಾಂಸ ಸೇರಿಸಿ ಕುದಿಸಿದ ಜೋಳದ ಗಂಜಿ, ಕಾಡೀರುಳ್ಳಿ ಹಾಕಿದ ಮೊಟ್ಟೆ, ಸರಿಯಾಗಿ ಬೆಂದ ಬನಾಹಾ. ಅಳು ಮುಗಿದ ಮನೆಯಲ್ಲಿ ಹಸಿವು ಜೋರಾಗಿರುತ್ತದೆ. ಎಲ್ಲರೂ ತಿಂದರು, ಮತ್ತೆ ತಿಂದರು. ಪಾದ್ರಿ ಸೈಲಸ್ ಹೊಟ್ಟೆಯ ಗುಂಡಿ ಬಿಚ್ಚಿದ. ತಟ್ಟೆಗಳು ಖಾಲಿಯಾದವು, ವೈಸಿ ಮತ್ತೆ ಬಾಚಣಿಗೆ ಹಿಡಿದಳು. ನೆಂಟರು ಇನ್ನೇನು ಎದ್ದು ಹೊರಡೋಣ ಅನ್ನುವ ಹೊತ್ತು, ಸೂರ್ಯ ಗುಡ್ಡದ ಅಂಚಿಗೆ ತಾಗಿದ್ದ. ಆಗ ಓಕ್ ಮರದ ಹಿಂದಿನಿಂದ ಕೇಳಿಸಿತು.

ಹ್ಞಕ್, ಹ್ಞಕ್.

ಅದಾದ ಮೇಲೆ ನರಿ ಕೂಗಿತು.

ಅಂಗಳದಲ್ಲಿ ಒಬ್ಬರೂ ಅಲುಗಲಿಲ್ಲ. ಸೊಫೀನಾ ಮೊದಲು ಲೈಮನ್‌ನನ್ನು ನೋಡಿದಳು. ಅವನ ಬಾಯಿ ತುಂಬ ಕಡುಬು ಇತ್ತು, ಕಣ್ಣು ಹೊರಗೆ ಬಂದಿತ್ತು. ವೈಸಿ ಬೆನ್ನ ಹಿಂದೆಯೇ ಇದ್ದಳು. ಬಾಚಣಿಗೆ ಕೂದಲಲ್ಲಿ ಸಿಕ್ಕಿ ನಿಂತಿತ್ತು. ಎಲ್ಲರೂ ಹೊಳೆಯ ಕಡೆಗೆ, ಗುಡ್ಡದ ಕಡೆಗೆ ಕಿವಿಗೊಟ್ಟರು. ಉತ್ತರ ಇಲ್ಲ.

ಜನ ಪಾದ್ರಿಯ ಮುಖ ನೋಡಿದರು. ಅವನು ಬೆರಳು ಮಡಚಿ ಏನೋ ಎಣಿಸಿದ. "ಇವತ್ತು ಶನಿವಾರ," ಅಂದ ಮೆಲ್ಲಗೆ. "ಅವನೇ."

"ಈಗ ಬಂದ್ರಾ," ಅಂದಳು ಸೊಫೀನಾ, ಮರದ ಕಡೆಗೆ. ಬೈಗುಳ ಅಭ್ಯಾಸದಿಂದ ತಾನಾಗಿ ಬಂತು. "ಅಳೋದು ಮುಗೀತು, ಊಟಾನೂ ಮುಗೀತು. ನಿಮ್ಮ ಕಡೆ ಅಳುವಿಗೂ ಹೊತ್ತಿಗೆ ಬರ್ಬಾರ್ದಿತ್ತಾ?"

ಮರದ ಹಿಂದೆ ಮತ್ತೆ ಎರಡು ಕೆಮ್ಮು. ತಪ್ಪು ಮಾಡಿದಾಗ ಅವನು ಕೆಮ್ಮುತ್ತಿದ್ದ ಹಾಗೆಯೇ. ಮತ್ತೆ ಕೂಗು. ಮತ್ತೆ ಉತ್ತರವಿಲ್ಲ.

ಅತ್ತು ಮುಗಿದರೂ ಹೋಗದಿದ್ದರೆ ಮುಂದೇನು ಅನ್ನುವುದು ಯಾವ ಹಿರಿಯರೂ ಹೇಳಿದ್ದಿಲ್ಲ. ನೆಂಟರಲ್ಲಿ ಕೆಲವರು ಆಗಲೇ ಗಾಡಿಗಳ ಕಡೆ ಹೆಜ್ಜೆ ಹಿಂದಿಡುತ್ತಿದ್ದರು. ಅರ್ಧ ಬಾಚಿದ ತಲೆ ಅರ್ಧಕ್ಕೇ ನಿಲ್ಲುವುದಿತ್ತು. ಸೊಫೀನಾ ಕೈ ಹಿಂದೆ ಚಾಚಿ ವೈಸಿಯ ಮಣಿಕಟ್ಟು ಹಿಡಿದಳು.

"ಅತ್ತಿಗೆ. ನಿಮ್ ತಮ್ಮ. ಉತ್ತರ ಕೊಡಿ."

ವೈಸಿ ಬಾಚಣಿಗೆಯನ್ನು ಸೊಫೀನಾಳ ಕೂದಲಲ್ಲೇ ಬಿಟ್ಟು, ಅಂಗಳ ದಾಟಿ, ಎಲ್ಲ ನೆಂಟರ ಕಣ್ಣೆದುರಿಗೆ ಓಕ್ ಮರದ ಹತ್ತಿರ ಹೋಗಿ ನಿಂತಳು. ಲಂಗ ಸರಿಮಾಡಿಕೊಂಡಳು. ಕತ್ತೆತ್ತಿ ಕೂಗಿದಳು. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಇಬ್ಬರೂ ಇದೇ ಗುಡ್ಡದಲ್ಲಿ ಈ ಕೂಗು ಕಲಿತದ್ದು. ಈ ಸಲ ಅದು ಯಾರನ್ನೂ ಹೆದರಿಸುವ ಕೂಗಾಗಿರಲಿಲ್ಲ. ಊಟಕ್ಕೆ ಕರೆಯುವ ಹಾಗೆಯೂ ಇರಲಿಲ್ಲ. ಹೋಗಿ ಬಾ ಅನ್ನುವ ಹಾಗಿತ್ತು.

ಒಣಗಿದ ಎಲೆಗಳು ಸರಸರ ಅಂದವು. ಸದ್ದು ಗುಡ್ಡದ ಕಡೆಗೆ ಹೋಗುತ್ತ ಹೋಗುತ್ತ ಸಣ್ಣದಾಯಿತು.

"ಉತ್ತರ ಬಂತು," ಅಂದ ಪಾದ್ರಿ, ಸ್ವಲ್ಪ ಗಟ್ಟಿಯಾಗಿಯೇ. "ಉತ್ತರ ಬಂದ್ಮೇಲೆ ಅದು ನರಿ." ಜನ ಉಸಿರು ಬಿಟ್ಟು ಮತ್ತೆ ಕೂತರು.

ವೈಸಿ ಮೂಗು ಒರೆಸಿಕೊಳ್ಳುತ್ತ ಬಂದು, ಉಳಿದರ್ಧ ತಲೆ ಬಾಚಿ ಜಡೆ ಹಾಕಿದಳು. ಜಡೆ ಮುಗಿದ ಮೇಲೆ ಲೈಮನ್ ಹತ್ತಿರ ಬಂದು ಬಾಯಿ ತೆರೆದ. ಅಭ್ಯಾಸಬಲದಿಂದ ಒಮ್ಮೆ ಗುಡಿಸಲ ಕಡೆ ನೋಡಿ, ಆಮೇಲೆ ಹೇಳಬೇಕಾದದ್ದನ್ನು ಹೇಳಿದ. ಸೊಫೀನಾ ಹೂಂ ಅಂದಳು.

ಎಲ್ಲರೂ ಹೋದ ಮೇಲೆ ಮಡಕೆಯಲ್ಲಿ ಒಂದೇ ಒಂದು ಬನಾಹಾ ಉಳಿದಿತ್ತು. ಸೊಫೀನಾ ಅದನ್ನು ಗುಡಿಸಲ ಹಿಂದಿನ ಕಲ್ಲಿನ ಮೇಲಿಟ್ಟಳು. ಬೆಳಿಗ್ಗೆ ಅವಳೂ ವೈಸಿಯೂ ಹೋಗಿ ನೋಡಿದರು. ಇಟ್ಟ ಹಾಗೇ ಇತ್ತು. ಕಟ್ಟಿದ ದಾರ ಕೂಡ ಸಡಿಲಾಗಿರಲಿಲ್ಲ. ವೈಸಿ ಗಂಟು ಬಿಚ್ಚಿ, ದಾರ ಸುತ್ತಿ ಜೇಬಿಗೆ ಹಾಕಿಕೊಂಡು, ತಮ್ಮನ ಪಾಲನ್ನು ನಿಂತಲ್ಲೇ ತಿಂದಳು.

"ಉಪ್ಪು ಜಾಸ್ತಿಯಾಯ್ತು," ಅಂದಳು.